ಊಟ ಆಯ್ತಾ ಅಂತ ಕೇಳಿದ ಗಡಿಗೆ

ಒಂದಾನೊಂದು ಊರಿನಲ್ಲಿ, ಆ ಊರು ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ. ಕೇಳಿದರೆ ನಾನು ದಾರಿ ಹೇಳಬೇಕು, ನೀವು ಎದ್ದು ಹೊರಟುಬಿಡುತ್ತೀರಿ, ಆಮೇಲೆ ನನ್ನ ಕತೆಗೆ ಹೂಂ ಅನ್ನುವವರು ಯಾರು? ಕೂತುಕೊಳ್ಳಿ. ಹೂಂ ಅನ್ನಿ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರಿನ ಹೆಸರು ಉಂಡೂರು. ರಾಜನ ಹೆಸರು ಮೀಸೆರಾಯ. ಅವನಿಗೆ ರಾಜ್ಯದ ಚಿಂತೆ ಇರಲಿಲ್ಲ, ಮೀಸೆಯ ಚಿಂತೆ ಇತ್ತು. ಅವನ ಮುತ್ತಜ್ಜಿ ಸಾಯುವಾಗ ಒಂದು ಶಾಪ ಕೊಟ್ಟು ಸತ್ತಿದ್ದಳು. ‘ಊರಲ್ಲಿ ಒಬ್ಬರು ಹಸಿದಿರುವಾಗ ಉಂಡ ರಾಜನ ಮೀಸೆ ಉದುರಿ ಸಾರಿಗೆ ಬೀಳಲಿ!’

ಮೀಸೆರಾಯ ಈ ಶಾಪವನ್ನು ಬಹಳ ದಿನ ಯೋಚನೆ ಮಾಡಿದ. ಕೊನೆಗೆ ಒಂದು ಗುಟ್ಟು ಹೊಳೆಯಿತು. ಶಾಪಕ್ಕೆ ಕಿವಿ ಇದೆ, ಕಣ್ಣಿಲ್ಲ. ಊರಿನವರು ‘ಊಟ ಆಯ್ತು’ ಅಂದದ್ದು ಅದಕ್ಕೆ ಕೇಳಿದರೆ ಸಾಕು. ಅವರ ತಟ್ಟೆಯನ್ನು ಅದು ಬಂದು ನೋಡುವುದಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಡಂಗುರದ ಜವರಯ್ಯ ತಮಟೆ ಬಡಿಯುತ್ತ ಬೀದಿಯಲ್ಲಿ ಹೊರಡುತ್ತಿದ್ದ. ‘ಊಟ ಆಯ್ತಾ?’ ಅಂತ ಕೂಗುತ್ತಿದ್ದ. ಜನ ಬಾಗಿಲಿಗೆ ಬಂದು ‘ಆಯ್ತು’ ಅನ್ನುತ್ತಿದ್ದರು. ಆದವರೂ ಆಯ್ತು ಅನ್ನುತ್ತಿದ್ದರು, ಆಗದವರೂ ಆಯ್ತು ಅನ್ನುತ್ತಿದ್ದರು. ಯಾಕೆ ಅಂತೀರಾ? ಅದು ಮರ್ಯಾದೆ. ಊಟ ಆಯ್ತಾ ಅಂತ ಕೇಳಿದರೆ ಆಗಿಲ್ಲ ಅಂತ ಹೇಳುವುದುಂಟೇ? ನೀವು ಹೇಳುತ್ತೀರಾ? ಎದೆ ಮುಟ್ಟಿಕೊಂಡು ಹೇಳಿ ನೋಡೋಣ.

ಮರ್ಯಾದೆ ಸಾಲದಿದ್ದರೆ ಭಯವೂ ಇತ್ತು. ಆಗಿಲ್ಲ ಅಂದವರನ್ನು ಊರ ಗಡಿ ದಾಟಿಸುತ್ತಿದ್ದರು. ಗಡಿ ದಾಟಿದವನು ಊರವನಲ್ಲ. ಊರವನಲ್ಲದವನ ಹಸಿವು ರಾಜನ ಮೀಸೆಗೆ ತಾಗುವುದಿಲ್ಲ. ಎಷ್ಟು ಸಲೀಸು ನೋಡಿ!

ಉಗ್ರಾಣದವರು ಇನ್ನೂ ಬುದ್ಧಿವಂತರು. ‘ಎಲ್ಲರದೂ ಊಟ ಆಗಿದೆಯಲ್ಲ, ಊಟ ಆದವರಿಗೆ ರಾಗಿ ಯಾಕೆ?’ ಅಂದರು. ಮನೆಮನೆಗೆ ಕೊಡುವ ರಾಗಿ ಕಮ್ಮಿ ಮಾಡಿದರು. ರಾಗಿ ಕಮ್ಮಿಯಾದಷ್ಟೂ ಜನ ಜೋರಾಗಿ ಆಯ್ತು ಅಂದರು. ಜೋರಾಗಿ ಅಂದಷ್ಟೂ ರಾಗಿ ಕಮ್ಮಿಯಾಯಿತು. ಕೊನೆಗೆ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹೊತ್ತಿಗೆ ಒಂದೇ ಮುದ್ದೆಯ ಹಿಟ್ಟು ಬರತೊಡಗಿತು.

ಅಂಥ ಮನೆಯೇ ಜವರಯ್ಯನದು. ಅವನ ಹೆಂಡತಿ ಹೊಂಬಾಳಮ್ಮ. ಮಕ್ಕಳಿಲ್ಲ. ಹೊಂಬಾಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಗಂಡನ ಮೇಲಿನ ಪ್ರೀತಿ ಎಲ್ಲಿತ್ತೋ ಅವಳೇ ಯಾರಿಗೂ ತೋರಿಸಿರಲಿಲ್ಲ.

ಹೀಗಿರುವಾಗ ಜವರಯ್ಯನಿಗೆ ಸಕ್ಕರೆ ಕಾಯಿಲೆ ಬಂತು. ಅರ್ಧ ಮುದ್ದೆ ಉಣ್ಣುವವನಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬಂತು ಅಂತ ಕೇಳಬೇಡಿ. ಕಾಯಿಲೆ ತಟ್ಟೆ ನೋಡಿಕೊಂಡು ಬರುವುದಿಲ್ಲ. ಅರಮನೆಯ ವೈದ್ಯರು ಇನ್ಸುಲಿನ್ ಕೊಟ್ಟರು. ಪೆನ್ನಿನಂಥ ಒಂದು ಸೂಜಿ. ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಒಂದು ಟಿಕ್ ಅಂದರೆ ಒಂದು ಯೂನಿಟ್.

ವೈದ್ಯರು ಹೊಂಬಾಳಮ್ಮನನ್ನು ಹತ್ತಿರ ಕರೆದು ಹೇಳಿದರು. ‘ನೋಡವ್ವ, ಇದು ಊಟದ ಜೊತೆಯ ಔಷಧಿ. ಊಟ ಇಲ್ದೆ ಚುಚ್ಕೊಂಡ್ರೆ ಜೀವಕ್ಕೇ ಕುತ್ತು ಬರುತ್ತೆ. ಕೈ ನಡುಗಿ, ಬೆವರು ಕಿತ್ಕೊಂಡು, ಮಾತು ತಪ್ಪೋಕೆ ಶುರುವಾದ್ರೆ ತಡ ಮಾಡ್ದೆ ಬೆಲ್ಲದ ನೀರು ಕುಡಿಸು. ಎಚ್ಚರ ಇರೋವಾಗ್ಲೇ ಕುಡಿಸಬೇಕು. ಎಚ್ಚರ ತಪ್ಪಿದ್ಮೇಲೆ ಬಾಯಿಗೆ ಏನೂ ಹಾಕಂಗಿಲ್ಲ.’

ಹೊಂಬಾಳಮ್ಮ ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನೀವೂ ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಜವರಯ್ಯನಿಗೆ ಕಣ್ಣು ಮಂಜು. ಎಷ್ಟು ಟಿಕ್ ತಿರುಗಿಸಬೇಕು ಅಂತ ನೆನಪೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಅರಮನೆಯಿಂದ ಒಂದು ಮಾತುಗಡಿಗೆ ಬಂತು. ಕಂಚಿನ ಗಡಿಗೆ. ಅದಕ್ಕೆ ಬಾಯಿ ಇತ್ತು, ಕಿವಿ ಇತ್ತು, ಶಾಪದ ಹಾಗೆಯೇ ಕಣ್ಣಿರಲಿಲ್ಲ. ಅದು ಪುಸ್ತಕದಲ್ಲಿ ಬರೆದ ಹಾಗೆ ಮಾತಾಡುತ್ತಿತ್ತು. ‘ತಮ್ಮ ಊಟ ಆಯಿತೇ?’ ಅಂತ ಕೇಳುತ್ತಿತ್ತು. ಆಯ್ತು ಅಂದರೆ ಎಷ್ಟು ಯೂನಿಟ್ ಅಂತ ಹೇಳುತ್ತಿತ್ತು. ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ವೈದ್ಯರು ಅದರ ಹೊಟ್ಟೆಯೊಳಗೆ ತುಂಬಿ ಮುಚ್ಚಳ ಬಿಗಿಸಿದ್ದರು. ಸಕ್ಕರೆ ಕಾಯಿಲೆಯವನ ಕೈಗೆ ಬೆಲ್ಲ ಸಿಗಬಾರದಲ್ಲ! ಕಾಯಿಲೆಯವನು ತನ್ನ ಬಾಯಿಂದಲೇ ‘ಊಟ ಆಗಿಲ್ಲ’ ಅಂದರೆ ಮಾತ್ರ ಮುಚ್ಚಳ ತೆರೆಯುತ್ತಿತ್ತು. ಹಾಗೆ ಅಂದ ಕೂಡಲೇ ಅರಮನೆಯಲ್ಲಿ ಒಂದು ಗಂಟೆ ಢಣ್ ಅಂತ ಹೊಡೆದು ಶಾಪಕ್ಕೂ ರಾಜನಿಗೂ ಕೇಳುತ್ತಿತ್ತು.

ಡಂಗುರದವನಿಗೆ ಗಡಿಗೆ, ನಮಗಿಲ್ಲವೇ ಅಂತ ಊರಿನವರು ಮುಖ ಊದಿಸಿದರು. ರಾಜ ಮನೆಗೊಂದು ಗಡಿಗೆ ಕೊಟ್ಟ. ಊರಿನ ಬೆಲ್ಲವೆಲ್ಲ ಗಡಿಗೆಗಳ ಹೊಟ್ಟೆ ಸೇರಿತು.

ಈಗ ಆ ದಿನಕ್ಕೆ ಬರೋಣ.

ಜವರಯ್ಯ ಮಧ್ಯಾಹ್ನ ಡಂಗುರ ಮುಗಿಸಿ ಮನೆಗೆ ಬಂದ. ತಮಟೆಯನ್ನು ಗೂಟಕ್ಕೆ ನೇತುಹಾಕಿದ. ಹೊಂಬಾಳಮ್ಮ ಇದ್ದ ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ ಉಪ್ಸಾರು ಬಿಟ್ಟಳು.

‘ನೀನು ಉಣ್ಣು ಕಣೇ,’ ಅಂದ ಜವರಯ್ಯ.

‘ನಂದಾಯ್ತು, ನೀವು ಉಣ್ಣಿ,’ ಅಂದಳು ಹೊಂಬಾಳಮ್ಮ.

ಆಗಿರಲಿಲ್ಲ. ಅವಳು ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿಂದಲೇ ಕಿವಿಗೊಟ್ಟಳು. ಒಳಗೆ ಗಡಿಗೆ ‘ತಮ್ಮ ಊಟ ಆಯಿತೇ?’ ಅಂತು. ಗಂಡ ‘ಆಯ್ತು’ ಅಂದ. ಗಡಿಗೆ ‘ಹತ್ತು ಯೂನಿಟ್’ ಅಂತು. ಟಿಕ್ ಟಿಕ್ ಅಂತ ಸೂಜಿ ತಿರುಗಿತು. ಸದ್ಯ, ಹೊಟ್ಟೆ ತುಂಬ ಉಂಡರಲ್ಲ ಅಂತ ಹೊಂಬಾಳಮ್ಮ ಸಮಾಧಾನ ಮಾಡಿಕೊಂಡು ತನ್ನ ಹಸಿವಿಗೆ ಒಂದು ಚೊಂಬು ನೀರು ಕುಡಿದಳು. ಬಟ್ಟೆ ಒಗೆದಳು. ಒಗೆದದ್ದನ್ನು ಹರವಿದಳು. ಆಮೇಲೆ ಮುಸುರೆ ತಿಕ್ಕೋಣ ಅಂತ ಒಳಗೆ ಬಂದಳು.

ಒಲೆಯ ಪಕ್ಕದಲ್ಲಿ ಒಂದು ಕುಕ್ಕೆ ಬೋರಲು ಬಿದ್ದಿತ್ತು. ಎತ್ತಿದಳು. ಅದರ ಕೆಳಗೆ ತಟ್ಟೆ. ತಟ್ಟೆಯಲ್ಲಿ ಮುದ್ದೆ. ಮುರಿದಿರಲಿಲ್ಲ.

ಹೊಂಬಾಳಮ್ಮ ಗಂಡನ ಕಡೆ ತಿರುಗಿದಳು.

ಜವರಯ್ಯ ಗೋಡೆಗೆ ಒರಗಿ ಕೂತಿದ್ದ. ಹಣೆಯ ಮೇಲೆಲ್ಲ ಬೆವರು. ಕೈ ನಡುಗುತ್ತಿತ್ತು. ಅವನು ಗೂಟದ ಮೇಲಿನ ತಮಟೆ ನೋಡಿ ‘ಹೊಂಬಾಳಾ, ವಸಿ ನೀರು ಕೊಡೇ’ ಅಂದ. ಆಮೇಲೆ ಹೆಂಡತಿಯ ಮುಖ ನೋಡಿ ‘ಇದನ್ಯಾಕೆ ಕೆಳಗಿಟ್ಟೆ? ಗೂಟಕ್ಕೆ ಹಾಕು’ ಅಂದ.

‘ಅಯ್ಯೋ, ಉಣ್ಣಲೇ ಇಲ್ವಾ ನೀವು?’ ಅಂತ ಹೊಂಬಾಳಮ್ಮ ಮುದ್ದೆ ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಹಲ್ಲು ಕಚ್ಚಿಕೊಂಡ. ‘ನಂದಾಯ್ತು. ನೀನು ಉಣ್ಣು,’ ಅಂದ.

ಮುದ್ದೆ ನಿಧಾನದ್ದು, ಬೆಲ್ಲವೇ ಬೇಕು ಅಂತ ಅವಳಿಗೆ ಗೊತ್ತಿತ್ತು. ಗಡಿಗೆಯ ಮುಂದೆ ಹೋಗಿ ನಿಂತಳು.

‘ಮುಚ್ಚಳ ತೆಗಿ. ಬೆಲ್ಲ ಬೇಕು. ನಮ್ಮನೆಯವರಿಗೆ ಹುಷಾರಿಲ್ಲ.’

‘ಯಾರಿಗೆ? ಹೆಸರು ಹೇಳಿ,’ ಅಂತು ಗಡಿಗೆ.

‘ನಮ್ಮನೆಯವರು ಅಂದ್ನಲ್ಲ!’

‘ನಮ್ಮನೆಯವರು ಎಂಬ ಹೆಸರಿನವರು ಈ ಮನೆಯಲ್ಲಿಲ್ಲ. ಕ್ಷಮಿಸಿ.’

ಮದುವೆಯಾದಾಗಿನಿಂದ ಹೊಂಬಾಳಮ್ಮ ಗಂಡನ ಹೆಸರು ಹೇಳಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಇವತ್ತು ಹೇಳದಿದ್ದರೆ ಆಯಸ್ಸೇ ಇಲ್ಲ. ಕಣ್ಣು ಮುಚ್ಚಿಕೊಂಡು ‘ಜವರಯ್ಯ!’ ಅಂತ ಕಿರುಚಿದಳು.

‘ಧನ್ಯವಾದಗಳು. ಜವರಯ್ಯನವರ ಊಟ ಆಗಿದೆ. ಅವರೇ ಹೇಳಿದ್ದಾರೆ. ಊಟ ಆದವರಿಗೆ ಬೆಲ್ಲವಿಲ್ಲ.’

‘ಆಗಿಲ್ಲ! ಮುದ್ದೆ ಇಲ್ಲೇ ಐತೆ, ನೋಡು!’

‘ನನಗೆ ಕಣ್ಣಿಲ್ಲ. ಅವರ ದನಿಯಲ್ಲಿ ಹೇಳಿಸಿ.’

ಒಡೆದು ಹಾಕಬಾರದಿತ್ತೇ ಅಂತೀರಿ. ಅದನ್ನೂ ಮಾಡಿ ನೋಡಿದಳು! ಒನಕೆ ತಂದು ಬಾರಿಸಿದಳು. ಕಂಚು ಟಣ್ ಅಂತು. ಗಡಿಗೆ ‘ನೋವಾಗಲಿಲ್ಲ, ಚಿಂತೆ ಬೇಡ’ ಅಂತು. ಒನಕೆ ಮುರಿಯಿತು.

ಹೊಂಬಾಳಮ್ಮ ಪಕ್ಕದ ಮನೆಗೆ ಓಡಿದಳು. ಪಕ್ಕದ ಮನೆಯ ನಿಂಗಾಜಮ್ಮ ಕಿಟಕಿಯಲ್ಲಿ ನಿಂತಿದ್ದಳು. ಅವಳ ಗಡಿಗೆ ಅವಳ ಬೆನ್ನ ಹಿಂದೆಯೇ ಕೂತಿತ್ತು.

‘ಏನ್ ಹೊಂಬಾಳಕ್ಕ, ಊಟ ಆಯ್ತಾ?’ ಅಂದಳು ನಿಂಗಾಜಮ್ಮ.

‘ಆಯ್ತು,’ ಅಂದಳು ಹೊಂಬಾಳಮ್ಮ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಮಾಡುವುದು, ಮಾತು ಆಡಿದರೆ ಹೋಯಿತು. ನಿಂಗಾಜಮ್ಮನ ಗಡಿಗೆ ಒಳಗಿನಿಂದ ‘ಊಟ ಆದವರಿಗೆ ಬೆಲ್ಲವಿಲ್ಲ’ ಅಂದುಬಿಟ್ಟಿತು.

ಹೊಂಬಾಳಮ್ಮ ತಲೆ ತಲೆ ಚಚ್ಚಿಕೊಂಡು ಮನೆಗೆ ಬಂದಳು. ಬಂದು ನೋಡಿದರೆ ಏನು ಕಂಡಳು?

ಜವರಯ್ಯನ ಹಣೆಯ ಒಂದೊಂದು ಬೆವರ ಹನಿಯಿಂದಲೂ ಒಬ್ಬೊಬ್ಬ ಬೆರಳುದ್ದದ ಹಮಾಲಿ ಇಳಿದು ಬರುತ್ತಿದ್ದ. ತಲೆಗೆ ಟವೆಲ್ಲು, ಹೆಗಲಿಗೆ ಖಾಲಿ ಗೋಣಿಚೀಲ. ಅವರು ಇನ್ಸುಲಿನ್ನಿನ ಹಮಾಲಿಗಳು. ಊಟ ಬಂದರೆ ಅದರ ಸಕ್ಕರೆ ಮೂಟೆ ಇಳಿಸಿಕೊಂಡು ಮೈಯ ಮೂಲೆಮೂಲೆಗೆ ಮುಟ್ಟಿಸುವುದು ಅವರ ಕೆಲಸ. ಅವರ ಮೇಸ್ತ್ರಿ ಹೊಂಬಾಳಮ್ಮನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

‘ಏನವ್ವ, ಊಟ ಬಂದೈತೆ, ಇಳಿಸ್ಕೊಳ್ಳಿ ಅಂತ ಕರೆಸಿದ್ರಿ. ಲೋಡೇ ಇಲ್ವಲ್ಲ?’

‘ಲೋಡಿಲ್ಲ ಅಂದ್ರೆ ವಾಪಸ್ ಹೋಗ್ರಪ್ಪ, ನಿಮ್ಮ ದಮ್ಮಯ್ಯ!’

‘ಕರೆದ ಮೇಲೆ ಬರಿಗೈಲಿ ಹೋಗೋದು ನಮ್ಮ ಪದ್ಧತಿ ಅಲ್ಲ. ರಕ್ತದಲ್ಲಿದ್ದ ಸಕ್ಕರೆ ಹೊತ್ವಿ. ಆಮೇಲೆ ಎಡ ಯಾವ್ದು ಬಲ ಯಾವ್ದು ಅನ್ನೋದನ್ನ ಹೊತ್ವಿ. ನಿನ್ನ ಹೆಸರು ಹೊತ್ವಿ. ಈಗ ಎಚ್ಚರ ಒಂದು ಉಳಿದೈತೆ. ಅದನ್ನ ಹೊತ್ಕೊಂಡು ಬಾಗಿಲು ಹಾಕ್ಕೊಂಡು ಹೋಗ್ತೀವಿ.’

ಎಚ್ಚರ ಹೊತ್ತರೆ ಮುಗಿಯಿತು. ಬೆಲ್ಲ ಸಿಕ್ಕರೂ ಬಾಯಿಗೆ ಹಾಕುವಂತಿಲ್ಲ. ಆದರೆ ಹೊಂಬಾಳಮ್ಮ ಹಮಾಲಿಗಳನ್ನು ಕಂಡವಳು. ಹಮಾಲಿ ಎಂಥ ಅವಸರದ ಮೂಟೆ ಇದ್ದರೂ ಒಂದು ಕೆಲಸಕ್ಕೆ ನಿಲ್ಲುತ್ತಾನೆ.

‘ಹೊರೋರಂತೆ, ಬಿಡ್ರಪ್ಪ. ಬಿಸಿಲಲ್ಲಿ ಬಂದಿದ್ದೀರಿ. ಎಲೆ ಅಡಿಕೆ ಹಾಕ್ಕೊಳ್ಳಲ್ವಾ?’

ಹಮಾಲಿಗಳು ಮುಖ ಮುಖ ನೋಡಿಕೊಂಡರು. ಮೇಸ್ತ್ರಿ ಚೀಲ ಕೆಳಗೆ ಹಾಸಿದ. ‘ಹಾಕ್ಕೊಳೋಣ. ಆದ್ರೆ ಎಲೆ ಕೆಂಪಾಗಿ ಉಗಿಯೋವರ್ಗೂ ಅಷ್ಟೇ ಟೈಮು. ಆಮೇಲೆ ನಿಲ್ಸಂಗಿಲ್ಲ.’

‘ಆಗ್ಲಿ,’ ಅಂದಳು ಹೊಂಬಾಳಮ್ಮ.

ಎಲೆಯನ್ನು ಉಗುರಗಲ ಹರಿದು ಹರಿದು ಕೊಟ್ಟಳು. ಸುಣ್ಣ ಕೊಟ್ಟಳು. ಅಡಿಕೆ ಚೂರು ಕೊಟ್ಟಳು. ಹಮಾಲಿಗಳು ಸಾಲಾಗಿ ಕೂತು ಜಗಿಯತೊಡಗಿದರು. ಕಚಕಚ, ಕಚಕಚ. ಒಬ್ಬೊಬ್ಬರ ತುಟಿ ಕೆಂಪಾಗತೊಡಗಿತು. ಅವಳು ಗಂಡನ ಹತ್ತಿರ ಹೋಗಿ ‘ಊಟ ಆಗಿಲ್ಲ ಅನ್ನಿ, ಒಂದೇ ಒಂದು ಮಾತು ಅನ್ನಿ’ ಅಂತ ಗೋಗರೆದಳು. ಅವನು ಬಾಯಿ ತೆರೆದ. ‘ಊಟ... ಊಟ... ಆಯ್ತು’ ಅಂದ. ಜೀವಮಾನವೆಲ್ಲ ಬೀದಿಯಲ್ಲಿ ಜನರಿಂದ ಅದನ್ನೇ ಹೇಳಿಸಿದ ನಾಲಿಗೆ, ಊಟ ಅಂದ ಕೂಡಲೇ ಆಯ್ತು ಅಂತ ತಾನೇ ಜಾರುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು.

ಕಚಕಚ, ಕಚಕಚ.

ಹೊಂಬಾಳಮ್ಮ ಕೊನೆಯ ಎಲೆಯನ್ನು ಮೇಸ್ತ್ರಿಗೆ ಕೊಡುತ್ತ, ಕೊಡುವಾಗ ಏನಾದರೂ ಮಾತಾಡಬೇಕಲ್ಲ, ಮರ್ಯಾದೆಗೆ ಕೇಳಿದಳು. ‘ಊಟ ಆಯ್ತೇನಪ್ಪಾ ನಿಮ್ದೆಲ್ಲ?’

‘ಆಯ್ತವ್ವ!’ ಅಂದರು ಹಮಾಲಿಗಳೆಲ್ಲ ಒಂದೇ ದನಿಯಲ್ಲಿ.

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಲೋಡಿಲ್ಲ ಅಂತ ಈಗ ತಾನೇ ಜಗಳಕ್ಕೆ ನಿಂತವರು, ಆಯ್ತವ್ವ ಅಂತೆ! ಮೂಗಿನ ತುದಿಯ ಸಿಟ್ಟು ಬಾಯಿಗೆ ಬಂತು.

‘ಆಯ್ತಾ? ಏನು ಉಂಡ್ರೋ ಹಂಗಾದ್ರೆ? ಏನು ಉಂಡ್ರಿ, ಹೇಳ್ರೋ!’

ಜಗಿಯುವ ಸದ್ದು ನಿಂತಿತು. ಹಮಾಲಿಗಳು ತಲೆ ಕೆರೆದುಕೊಂಡರು.

‘ಏನು ಉಂಡ್ವಿ...’ ಅಂದ ಮೇಸ್ತ್ರಿ. ‘ಏನು ಉಂಡ್ವಿ ಅಂದ್ರೆ... ಏನೂ ಇಲ್ಲ ಕಣವ್ವ.’

ಹೊಂಬಾಳಮ್ಮ ಎದ್ದಳು. ಎಲೆಯ ತಟ್ಟೆ ಒಂದು ಕಡೆ ಉರುಳಿತು, ಸುಣ್ಣದ ಡಬ್ಬಿ ಒಂದು ಕಡೆ ಉರುಳಿತು. ಗಂಡನ ಎರಡೂ ಭುಜ ಹಿಡಿದು ಗಡಿಗೆಯ ಕಡೆ ತಿರುಗಿಸಿದಳು.

‘ನೋಡಿ ಇಲ್ಲಿ. ಏನು ಉಂಡ್ರಿ?’

‘ಆ...’ ಅಂದ ಜವರಯ್ಯ. ಆಯ್ತು ಅನ್ನಲು ಹೋದ. ಆ ಪ್ರಶ್ನೆಗೆ ಆ ಉತ್ತರ ಕೂರಲಿಲ್ಲ.

‘ಏನು ಉಂಡ್ರಿ? ಸಾರು ಯಾವ್ದು? ಉಪ್ಪು ಸರಿಯಾಗಿತ್ತಾ?’

ಮೇಸ್ತ್ರಿ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಉಗಿದ. ಕೆಂಪಗೆ ಬಿತ್ತು. ‘ಟೈಮಾಯ್ತು, ಏಳ್ರಪ್ಪಾ,’ ಅಂದ. ಹಮಾಲಿಗಳು ಚೀಲ ಕೊಡವಿದರು.

‘ರೀ! ಏನು ಉಂಡ್ರಿ ಹೇಳಿ!’

ಜವರಯ್ಯನ ತುಟಿ ಅಲ್ಲಾಡಿತು. ಡಂಗುರದವನು ಅವನು. ಹೇಳಿಕೊಟ್ಟದ್ದನ್ನು ಕೂಗಿ ಗೊತ್ತೇ ಹೊರತು ಇಲ್ಲದ ಸಾರನ್ನು ಹುಟ್ಟಿಸಿ ಗೊತ್ತಿಲ್ಲ.

‘ಏನೂ... ಉಂಡಿಲ್ಲ ಕಣೇ,’ ಅಂದ. ‘ನೀನು ಉಣ್ಲಿ ಅಂತ... ಮುಚ್ಚಿಟ್ಟಿದ್ದೆ.’

‘ಹಾಗಾದರೆ ಊಟ ಆಗಿಲ್ಲ,’ ಅಂತು ಗಡಿಗೆ. ಮುಚ್ಚಳ ಟಪ್ ಅಂತ ತೆರೆಯಿತು. ಅರಮನೆಯಲ್ಲಿ ಗಂಟೆ ಢಣ್ ಅಂತು.

ಅಂದರೆ ಅಂತು, ಹೊಡೆದರೆ ಹೊಡೆಯಿತು. ಹೊಂಬಾಳಮ್ಮ ಬೆಲ್ಲವನ್ನು ನೀರಲ್ಲಿ ಹಿಸುಕಿ ಲೋಟವನ್ನು ಗಂಡನ ತುಟಿಗೆ ಹಿಡಿದಳು. ‘ನುಂಗಿ. ನನ್ನಪ್ಪ, ನುಂಗಿ.’ ಒಂದು ಗುಟುಕು ಹೊರಗೆ ಬಂತು. ಇನ್ನೊಂದು ಗುಟುಕು ಒಳಗೆ ಹೋಯಿತು. ಮತ್ತೊಂದು ಹೋಯಿತು. ಲೋಟ ಖಾಲಿಯಾಯಿತು. ಅವಳು ಅವನ ಮುಖವನ್ನೇ ನೋಡುತ್ತ ಕೂತಳು. ಅವಳ ಜೀವನದಲ್ಲಿ ಅಷ್ಟು ಉದ್ದದ ಮಧ್ಯಾಹ್ನ ಇನ್ನೊಂದಿರಲಿಲ್ಲ.

ಕೊನೆಗೆ ಮೇಸ್ತ್ರಿ ಕೂಗಿದ. ‘ಲೋಡ್ ಬಂತು ಕಣ್ರೋ!’ ಹಮಾಲಿಗಳು ಎಚ್ಚರವನ್ನು ಇದ್ದಲ್ಲೇ ಬಿಟ್ಟು, ಹೆಸರನ್ನು ಇಳಿಸಿ, ಎಡ ಬಲವನ್ನು ಇಳಿಸಿ, ಹೊಸ ಮೂಟೆಯ ಕಡೆ ಓಡಿದರು.

ಜವರಯ್ಯ ಕಣ್ಣು ಬಿಟ್ಟ. ‘ಹೊಂಬಾಳಾ,’ ಅಂದ. ಈ ಸಲ ಹೆಂಡತಿಯನ್ನೇ ನೋಡಿ ಅಂದ. ‘ಯಾಕೆ ಅಳ್ತಿದ್ದೀಯಾ?’

‘ಈರುಳ್ಳಿ ಹೆಚ್ತಿದ್ದೆ,’ ಅಂದಳು ಹೊಂಬಾಳಮ್ಮ. ಮನೆಯಲ್ಲಿ ಈರುಳ್ಳಿ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕುದುರೆ ನಿಂತ ಸದ್ದಾಯಿತು. ಮೀಸೆರಾಯ ಊಟದ ನಡುವೆ ಎದ್ದು ಬಂದಿದ್ದ. ಕೈಯಲ್ಲಿ ತುತ್ತು ಹಾಗೇ ಇತ್ತು. ಎಡಗಡೆಯ ಮೀಸೆ ಗಡಗಡ ನಡುಗುತ್ತಿತ್ತು.

‘ಯಾರೋ ಅದು ಆಗಿಲ್ಲ ಅಂದವನು? ಇವರಿಬ್ಬರನ್ನೂ ಗಡಿ ದಾಟಿಸಿ!’ ಅಂತ ಗುಡುಗಿದ.

ಅವನು ಗುಡುಗಿದ್ದು ಪಕ್ಕದ ಮನೆಗೆ ಕೇಳಿತು. ಗಡಿಗೆಗಳಿಗೆ ಒಂದರ ಮಾತು ಒಂದಕ್ಕೆ ಕೇಳುತ್ತದೆ, ಕಿವಿಯೇ ತಾನೇ ಅವುಗಳ ಆಸ್ತಿ. ನಿಂಗಾಜಮ್ಮನ ಗಡಿಗೆ ಹೊಂಬಾಳಮ್ಮನ ಹೊಸ ಪ್ರಶ್ನೆಯನ್ನು ಆಗಲೇ ಕಲಿತಿತ್ತು. ‘ತಾವು ಏನು ಉಂಡಿರಿ?’ ಅಂತ ನಿಂಗಾಜಮ್ಮನನ್ನು ಕೇಳಿತು. ‘ಏನೂ ಇಲ್ಲ,’ ಅಂದಳು ನಿಂಗಾಜಮ್ಮ. ಗಂಟೆ ಢಣ್ ಅಂತು. ಆಚೆ ಮನೆಯ ಗಡಿಗೆ ಕೇಳಿತು. ಢಣ್. ಅದರಾಚೆಯ ಮನೆ, ಢಣ್. ಮೇಲಿನ ಬೀದಿ, ಢಣ್ ಢಣ್. ಕೆಳಗಿನ ಬೀದಿಯಲ್ಲಿ ಗಂಟೆಗೆ ಉಸಿರಾಡಲೂ ಬಿಡುವಿಲ್ಲ.

ರಾಜ ಲೆಕ್ಕ ಹಾಕಿದ. ಊರನ್ನೆಲ್ಲ ಗಡಿ ದಾಟಿಸಿದರೆ ಊರಲ್ಲಿ ಉಳಿಯುವವನು ತಾನೊಬ್ಬನೇ. ತಾನು ಹಸಿದಿದ್ದೇನೆ. ಹಸಿದ ತಾನೇ ತುತ್ತು ಎತ್ತಿದರೆ, ಊರಲ್ಲಿ ಒಬ್ಬ ಹಸಿದಿರುವಾಗ ರಾಜ ಉಂಡ ಹಾಗಾಯಿತು. ಮೀಸೆ ಹೋಗುತ್ತದೆ. ಉಣ್ಣದಿದ್ದರೆ ಪ್ರಾಣ ಹೋಗುತ್ತದೆ, ಪ್ರಾಣದ ಜೊತೆ ಮೀಸೆಯೂ ಹೋಗುತ್ತದೆ.

‘ಇಬ್ಬರಿಗೆ ಒಂದೇ ಮುದ್ದೆ ಯಾಕೆ?’ ಅಂತ ತಟ್ಟೆ ನೋಡಿ ಕೇಳಿದ. ದನಿ ಇಳಿದಿತ್ತು.

‘ಊಟ ಆದವರಿಗೆ ರಾಗಿ ಯಾಕೆ ಅಂದ್ರಲ್ಲ ಸ್ವಾಮಿ, ಅದಕ್ಕೆ,’ ಅಂದಳು ಹೊಂಬಾಳಮ್ಮ.

ಮೀಸೆಯ ಒಂದು ಕೂದಲು ಉದುರಿತು. ರಾಜ ಬೆಚ್ಚಿಬಿದ್ದು ಕೈಯಲ್ಲಿದ್ದ ತುತ್ತನ್ನು ಅವರ ತಟ್ಟೆಗೆ ಹಾಕಿಬಿಟ್ಟ. ಉದುರುವುದು ನಿಂತಿತು. ಅಷ್ಟು ಸಾಕಾಯಿತು ಅವನಿಗೆ. ಉಗ್ರಾಣ ತೆರೆಸಿದ. ಮನೆಮನೆಗೆ ತಾನೇ ಹಿಟ್ಟು ಹೊರಿಸಿಕೊಂಡು ಹೋದ. ಧರ್ಮಕ್ಕೆ ಅಂತ ತಿಳಿಯಬೇಡಿ, ಮೀಸೆಗೆ. ಸಂಜೆಯ ಹೊತ್ತಿಗೆ ಊರೆಲ್ಲ ಒಲೆ ಉರಿದು, ಗಂಟೆ ತಣ್ಣಗಾಯಿತು.

ರಾಜ ಸುಸ್ತಾಗಿ ಜವರಯ್ಯನ ಜಗಲಿಯ ಮೇಲೆ ಕೂತ. ಮುಖ ಬಾಡಿತ್ತು. ಜವರಯ್ಯನಿಗೆ ಪಾಪ ಅನ್ನಿಸಿತು.

‘ಸ್ವಾಮಿ, ಊಟ ಆಯ್ತಾ?’ ಅಂದ.

‘ಆಯ್ತು, ಆಯ್ತು,’ ಅಂದ ರಾಜ.

ಹೊಂಬಾಳಮ್ಮ ಒಳಗಿನಿಂದ ತಲೆ ಹೊರಗೆ ಹಾಕಿದಳು. ‘ಏನು ಉಂಡ್ರಿ?’

ರಾಜ ಮೀಸೆ ಮುಟ್ಟಿಕೊಂಡು ತಲೆ ತಗ್ಗಿಸಿದ. ಅವಳು ಒಂದು ತಟ್ಟೆ ತಂದು ಅವನ ಮುಂದೆಯೂ ಇಟ್ಟಳು.

ಈ ಕತೆಯ ನೀತಿ ಏನು? ಮೀಸೆ ಇರುವವರು ಸಾರನ್ನು ಹುಷಾರಾಗಿ ಉಣ್ಣಬೇಕು. ಮೀಸೆ ಇಲ್ಲದವರು ಬೇರೆ ನೀತಿ ಹುಡುಕಿಕೊಳ್ಳಿ, ನಾನು ಎಷ್ಟು ಅಂತ ಕೊಡಲಿ?

ಅಂದಿನಿಂದ ಜವರಯ್ಯನ ಗಡಿಗೆ ಊಟ ಆಯಿತೇ ಅಂತ ಕೇಳುವುದನ್ನು ಬಿಟ್ಟಿತು. ತಟ್ಟೆ ಇಟ್ಟ ಸದ್ದು ಕೇಳಿದ ಕೂಡಲೇ ‘ಏನು ಉಣ್ಣುತ್ತಿದ್ದೀರಿ? ಎಷ್ಟು?’ ಅಂತ ಕೇಳುತ್ತದೆ. ಜವರಯ್ಯ ಒಂದು ಮುದ್ದೆ, ಉಪ್ಸಾರು ಅನ್ನುತ್ತಾನೆ. ಗಡಿಗೆ ಅದಕ್ಕೆ ತಕ್ಕಷ್ಟು ಯೂನಿಟ್ ಹೇಳುತ್ತದೆ. ಸೂಜಿ ತಿರುಗಿಸುವ ಮುಂಚೆ ಜವರಯ್ಯ ಹೆಂಡತಿಯ ಕಡೆ ತಿರುಗಿ ‘ನೀನು?’ ಅನ್ನುತ್ತಾನೆ. ಅವಳು ತನ್ನ ತಟ್ಟೆಯನ್ನು ಅವನ ಮಂಜುಗಣ್ಣಿನ ಹತ್ತಿರಕ್ಕೆ ತಂದು ತೋರಿಸುತ್ತಾಳೆ. ಅವನು ಬೆರಳಿಟ್ಟು ಮುದ್ದೆ ಮುಟ್ಟಿ ನೋಡುತ್ತಾನೆ. ಬಿಸಿಯಾಗಿದ್ದರೆ ಮಾತ್ರ ಸೂಜಿ ಟಿಕ್ ಅನ್ನುತ್ತದೆ.

ಅವರ ಮುದ್ದೆ ಅಲ್ಲಿ ಮುರಿಯಿತು, ನನ್ನ ಕತೆ ಇಲ್ಲಿ ಮುರಿಯಿತು. ಸಾರು ಉಳಿದಿದ್ದರೆ ಹಮಾಲಿಗಳಿಗೆ, ಮಾತು ಉಳಿದಿದ್ದರೆ ಗಡಿಗೆಗೆ. ಎದ್ದು ಹೋಗುವವರು ನಿಲ್ಲಿ, ಒಂದು ಮಾತು ಹೇಳಿ ಹೋಗಿ.

ಏನು ಉಂಡಿರಿ?